ತಾಯಿಮರ ನೋಡಿ ತಂದ ಕಾರು

ಕೊಳಾಯಿ ತಿರುಗಿಸಿದರೆ ಸದ್ದಾಗುತ್ತದೆಂದು ಧನ್ಯಶ್ರೀ ಆ ಮಂಗಳವಾರ ಬೆಳಿಗ್ಗೆ ಬಿಂದಿಗೆ ಬಗ್ಗಿಸಿ, ಬಾಟಲಿಯ ಬಾಯಿಗೆ ಇಳಿಬಿಟ್ಟ ತೆಳು ಬಟ್ಟೆಯ ಗುಂಟ ನೀರು ಇಳಿಸುತ್ತಿದ್ದಳು. ಹಾಗೆ ಇಳಿದ ನೀರು ಸದ್ದು ಮಾಡುವುದಿಲ್ಲ. ಬಾಟಲಿಗೆ ಕಟ್ಟಿದ ಕೆಂಪು ದಾರದ ಮಟ್ಟಕ್ಕೆ ಬಂದ ಕೂಡಲೇ ಕೈ ನಿಲ್ಲಿಸಿದಳು. ಅವ್ವನಿಗೆ ಒಂದು ದಿನಕ್ಕೆ ಅಷ್ಟೇ ನೀರು. ಮಾತ್ರೆ ನುಂಗುವುದಕ್ಕೂ ಅದೇ, ಒಣಗಿದ ಬಾಯಿ ಒದ್ದೆ ಮಾಡಿಕೊಳ್ಳುವುದಕ್ಕೂ ಅದೇ. ಗೋಡೆಯಾಚೆ ಮಲಗಿದ್ದ ಅವ್ವನಿಗೆ ನೀರಿನ ಸದ್ದು ಕೇಳಿದರೆ ಬಾಯಾರಿಕೆ ಏಳುತ್ತದೆ, ಎದ್ದ ಬಾಯಾರಿಕೆಯನ್ನು ತಟ್ಟಿ ಮಲಗಿಸಲು ಬರುವುದಿಲ್ಲ. ಬಟ್ಟೆ ಹಿಂಡಿ ಒಣಹಾಕಿ, ಬಾಟಲಿಯನ್ನು ಚೀಲದ ತಳಕ್ಕೆ ಇಟ್ಟು, ಅದರ ಮೇಲೆ ಅವ್ವನ ಶಾಲು ಮುಚ್ಚಿದಳು.

ಅವ್ವ ರಾಮಲಕ್ಷ್ಮಮ್ಮನ ಮೂತ್ರಪಿಂಡಗಳು ಕೆಲಸ ಬಿಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್ ಆಗಲೇಬೇಕು. ಊರು ಬಿಳಿಗೆರೆಯ ಪಕ್ಕ. ಯಂತ್ರದ ಸರದಿ ಸಿಕ್ಕಿದ್ದು ದೂರದ ತುಮಕೂರಿನಲ್ಲಿ. ಮೊದಲ ದಿನವೇ ಅಲ್ಲಿಯ ಡಾಕ್ಟರು ತಿನ್ನಬಾರದ್ದು ಕುಡಿಯಬಾರದ್ದನ್ನೆಲ್ಲ ಹೇಳಿ, ಇವರ ಊರು ಯಾವ ಕಡೆ ಎಂದು ಕೇಳಿ ತಿಳಿದ ಮೇಲೆ, ಮುಖ್ಯವಾದದ್ದೊಂದನ್ನು ಮರೆತಿದ್ದವರಂತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ಎಳನೀರು ಮಾತ್ರ ಯಾವ ಕಾರಣಕ್ಕೂ ಮುಟ್ಟಕೂಡದು. ಮಿಕ್ಕವರಿಗೆ ಅದು ಅಮೃತ, ಈಯಮ್ಮನಿಗೆ ವಿಷ. ಅದರೊಳಗಿನ ಪೊಟ್ಯಾಸಿಯಂ ಎಂಬ ಉಪ್ಪಿನಂಶ ಎದೆ ಬಡಿತವನ್ನೇ ನಿಲ್ಲಿಸಿಬಿಡುತ್ತದೆ.

ಅವ್ವ ಆಗ ನಕ್ಕಿದ್ದಳು. ದಾರಿಯಲ್ಲಿ ಬರುತ್ತಾ ಕಿಟಕಿಯಾಚೆ ಮುಗಿಯದ ತೋಟಗಳನ್ನು ನೋಡಿ, “ಒಳ್ಳೆ ಮನೆಗೆ ಕೊಟ್ಟ ನಮ್ಮಪ್ಪ. ಸುತ್ತಾ ನೇತಾಕೈತೆ, ಒಂದೂ ಮುಟ್ಟಂಗಿಲ್ಲ” ಅಂದಿದ್ದಳು.

ಧನ್ಯಶ್ರೀ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಆಗ ಅವ್ವನಿಗೆ ಸಕ್ಕರೆ ಕಾಯಿಲೆ ಏರಿ, ಕಾಲಿನ ಗಾಯ ಮಾಯದೆ ಕೂತಿತ್ತು. ಒಲೆ ನೋಡುವವರು ಬೇಕಿತ್ತು. ಒಂದು ತಿಂಗಳಿಗೆಂದು ಬಿಟ್ಟ ಶಾಲೆ ಹಾಗೇ ಹೋಯಿತು. ಅವಳದು ಸಣ್ಣ ದನಿ. ಒಂದು ಮಾತನ್ನು ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸುವಷ್ಟರಲ್ಲಿ ಮನೆಯವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಹಾಗಾಗಿ ಅವಳು ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಮನೆಯಲ್ಲೊಂದು ಹಳೆಯ ವ್ಯಾನಿತ್ತು. ಕೊಬ್ಬರಿ ಚೀಲ ಹೇರಲೆಂದು ಅಪ್ಪ ಬೋರಯ್ಯ ಯಾರಿಂದಲೋ ಕೊಂಡಿದ್ದ. ಮಾಘದ ಒಂದು ಮಂಗಳವಾರ ಅದು ಕೆ.ಬಿ. ಕ್ರಾಸ್ ದಾಟಿದ ಮೇಲೆ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಅಣ್ಣ ಮೋಹನ್ ಕುಮಾರ್ ಬಾನೆಟ್ಟು ಎತ್ತಿ ಏನೇನೋ ತಟ್ಟಿದ. ಅಪ್ಪ ರಸ್ತೆಗೆ ಅಡ್ಡ ನಿಂತು ಕೈ ಬೀಸಿದ. ನಿಂತ ಒಂದೆರಡು ಗಾಡಿಗಳವರು ಒಳಗೆ ಇಣುಕಿ, ಅವ್ವನ ಊದಿದ ಮುಖ ನೋಡಿ, ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಎಂದು ಹೆದರಿ ಹೊರಟುಹೋದರು. ಆವತ್ತಿನ ಸರದಿ ತಪ್ಪಿತು. ಮರುದಿನದ ಹೊತ್ತಿಗೆ ಎದೆಯಲ್ಲಿ ನೀರು ತುಂಬಿ, ಅವ್ವನ ಉಸಿರು ಬಿಂದಿಗೆಯೊಳಗೆ ಮಾತಾಡಿದ ಹಾಗೆ ಕೇಳುತ್ತಿತ್ತು. ಪಕ್ಕದ ಮನೆಯ ಗುರುಸಿದ್ದಮ್ಮನ ಮಗನ ಲಗೇಜ್ ಆಟೋದಲ್ಲಿ, ಗೋಣಿಚೀಲಗಳಿಗೆ ಒರಗಿಸಿ ಕೂರಿಸಿಕೊಂಡು ಹೋದರು. ಹೋದ ಪ್ರಾಣ ಬಂತು ಅಷ್ಟೇ.

ಆ ದಿನ ಡಾಕ್ಟರು ಅಪ್ಪನನ್ನೂ ಅಣ್ಣನನ್ನೂ ಹೊರಗೆ ಕರೆದು ಏನೋ ಹೇಳಿದರು. ಧನ್ಯಶ್ರೀಗೆ ಮಾತು ಕೇಳಿಸಲಿಲ್ಲ. ಅಪ್ಪನ ಕೈ ಗೋಡೆ ಹುಡುಕಿಕೊಂಡು ಹೋದದ್ದು ಮಾತ್ರ ಕಾಣಿಸಿತು. ಮನೆಗೆ ಬಂದ ಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಅಪ್ಪ ಇಷ್ಟೇ ಹೇಳಿದ: “ಹೊಸ ಕಾರು ತಗಳನ. ಹದಿನೈದು ವರ್ಷ ಕೈ ಕೊಡಬಾರದು, ಅಂಥದ್ದು.”

ಸಣ್ಣ ಕಾರು ಸಾಕು, ಹಿಂದಿನ ಬಾಗಿಲು ಮೇಲಕ್ಕೆ ಏಳುವಂಥದ್ದು. ಗಾಲಿಕುರ್ಚಿ ಮಡಚಿ ಹಾಕಬಹುದು, ನಮ್ಮ ಓಣಿಯಲ್ಲಿ ತಿರುಗುತ್ತದೆ. ಅಷ್ಟು ಬೇಗನೆ ತೀರ್ಮಾನವಾಯಿತು. ಆದರೆ ಯಾವುದು? ಅಲ್ಲಿಂದ ಶುರುವಾದದ್ದು ಮುಗಿಯಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಕೊಳ್ಳುವ ಪರಮಶಿವಯ್ಯನವರು ನಾಳೆ ಮಾರಲು ಹೋದರೆ ಜನ ಮುಗಿಬೀಳುವಂಥದ್ದು ತಗೋ ಅಂದರು. ಮೆಕ್ಯಾನಿಕ್ ರವೀಂದ್ರ, ಈಗ ಬರುವ ಗಾಡಿಗಳ ಹೊಟ್ಟೆಯೊಳಗೆ ಕರುಳಿಗಿಂತ ವೈರೇ ಹೆಚ್ಚು, ಎಷ್ಟು ಕಮ್ಮಿ ಸಾಮಾನಿದೆಯೋ ಅಷ್ಟು ಒಳ್ಳೆಯದು ಅಂದ. ಮೋಹನ್ ಕುಮಾರ್ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬರುವಾಗ ರೈಲಿನಲ್ಲಿ ಕೂತು ಫೋನಿನಲ್ಲಿ ಕಾರಿನ ವಿಡಿಯೋಗಳನ್ನು ನೋಡುತ್ತಿದ್ದ. ಅವನಿಗೆ ದೊಡ್ಡ ಪರದೆಯ ಒಂದು ಕೆಂಪು ಕಾರು ಹಿಡಿಸಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ವಾರಕ್ಕೆ ಎರಡು ದಿನ ಯಾರ ಜೊತೆಗೋ ಪಾಳಿ ಬದಲಿಸಿಕೊಂಡು ಅವ್ವನನ್ನು ಕರೆದೊಯ್ಯುತ್ತಿದ್ದವನು ಅವನೇ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಹಠ ಮಾಡುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಬೋರಯ್ಯ ಎಲ್ಲರ ಮಾತನ್ನೂ ಕೇಳಿಸಿಕೊಂಡ. ಕೊನೆಗೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ತೆಂಗಿನ ಸಸಿ ಬೆಳೆಸುವವನು ಬಿತ್ತನೆ ಕಾಯಿಯ ಅಂದ ನೋಡುವುದಿಲ್ಲ, ತಾಯಿಮರ ನೋಡುತ್ತಾನೆ. ಒಂದು ವರ್ಷ ಗೊಂಚಲು ಗೊಂಚಲು ಬಿಟ್ಟು ಮರುವರ್ಷ ಬರಿದಾಗುವ ಮರವನ್ನು ಮುಟ್ಟುವುದಿಲ್ಲ. ಬರ ಬರಲಿ, ನುಸಿ ರೋಗ ಬರಲಿ, ತನ್ನ ಪಾಡಿಗೆ ಅಷ್ಟಷ್ಟೇ ಕಾಯಿ ಕೊಡುತ್ತಾ ಬಂದ ಹಳೆಯ ಮರವನ್ನು ಹುಡುಕುತ್ತಾನೆ. ಸಸಿಯ ಮುಂದಿನ ಬಾಳು ಸಸಿಯನ್ನು ನೋಡಿದರೆ ತಿಳಿಯುವುದಿಲ್ಲ. ಕಾರಿಗೂ ಅಷ್ಟೇ ಎಂದು ಅವನು ನಂಬಿದ. ಶೋರೂಮಿನಲ್ಲಿ ಮಿರುಗುವುದು ಸಸಿ, ರಸ್ತೆಯ ಮೇಲೆ ಮುದಿಯಾಗಿಯೂ ಓಡುತ್ತಿರುವುದು ತಾಯಿಮರ. ಹಾಗಾಗಿ ಅವನು ಕೆ.ಬಿ. ಕ್ರಾಸಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬರುವ ಹೋಗುವ ಹಳೆಯ ಕಾರುಗಳನ್ನು ನೋಡತೊಡಗಿದ. ಬಣ್ಣ ಹೋದ, ಬಾಗಿಲು ತಗ್ಗಿದ, ಆದರೂ ಹೊಗೆಯುಗುಳದೆ ಏರು ಹತ್ತುವ ಕಾರು ಕಂಡರೆ ಕೈ ಅಡ್ಡ ಹಾಕಿ ನಿಲ್ಲಿಸಿ, ಎಷ್ಟು ವರ್ಷದ್ದು ಸ್ವಾಮಿ ಎಂದು ಕೇಳುತ್ತಿದ್ದ. ಕೆಲವರು ಪೊಲೀಸಿನವನೆಂದು ತಿಳಿದು ಕಾಗದ ತೆಗೆದರು.

ಧನ್ಯಶ್ರೀಯನ್ನೂ ಕರೆದುಕೊಂಡು ಹೋಗುತ್ತಿದ್ದ. ಅವಳು ಆ ಕಾರುಗಳ ಹಿಂದಿನ ಸೀಟಿನಲ್ಲಿ ಅವ್ವನ ಬದಲಿಗೆ ಕೂರಬೇಕು. ಕಾಲು ಚಾಚಲು ಬರುತ್ತದಾ, ಏರಿಳಿಯಲು ಸೊಂಟ ಬಗ್ಗಿಸಬೇಕಾ, ಕುಲುಕು ಎಷ್ಟು ಎಂದು ಹೇಳಬೇಕು. ಅವಳು ಗುರುತಿಲ್ಲದವರ ಕಾರಿನೊಳಗೆ ನಾಚಿ ಮುದುಡಿ ಕೂತು, ಕಣ್ಣು ಮುಚ್ಚಿ, ಅವ್ವನ ಹಾಗೆ ಉಸಿರಾಡಿ ನೋಡುತ್ತಿದ್ದಳು.

ಹೀಗೆ ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ ತಾಯಿಮರ ಹುಳಿಯಾರಿನ ಹತ್ತಿರದ ಕೆಂಕೆರೆಯಲ್ಲಿತ್ತು. ನಿವೃತ್ತ ಮೇಷ್ಟ್ರು ಶ್ರೀರಂಗಯ್ಯನವರ ಬಿಳಿ ಕಾರು. ಅವರ ಮಗಳ ಮದುವೆಯ ವರ್ಷ ಕೊಂಡದ್ದು, ಈಗ ಮೊಮ್ಮಗ ಕಾಲೇಜಿಗೆ ಹೋಗುತ್ತಿದ್ದ. ಕಾರು ಮನೆಯ ಮುಂದಿನ ಬಯಲಿನಲ್ಲಿ, ಬಿಸಿಲಿನಲ್ಲೇ ನಿಂತಿತ್ತು. ಮೇಷ್ಟ್ರು ಕೀಲಿ ತಿರುಗಿಸಿದರು, ಒಂದೇ ಏಟಿಗೆ ಎದ್ದಿತು. ಬೋರಯ್ಯ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಿವಿ ಹತ್ತಿರ ತಂದ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಕೇಳುವಾಗ ಅವನ ಮುಖ ಹೇಗಾಗುತ್ತದೋ ಹಾಗೇ ಆಗಿತ್ತು. ಇದರ ಗುಟ್ಟೇನು ಎಂದು ಕೇಳಿದ.

“ಗುಟ್ಟೇನೂ ಇಲ್ಲ ಕಣಪ್ಪ” ಅಂದರು ಮೇಷ್ಟ್ರು. “ದಿನಾ ಹುಳಿಯಾರ್ಗಂಟ ಹೋಗಿ ಬತ್ತೀನಿ. ಕೆಲ್ಸ ಇದ್ರೂ ಹೋಗ್ತೀನಿ, ಇಲ್ದಿದ್ರೂ ಹೋಗ್ತೀನಿ. ನಿಂತ್ರೆ ಕೆಡ್ತೈತೆ. ನಾನೂ ಅಷ್ಟೇ.”

ಬೋರಯ್ಯ ತಲೆಯಾಡಿಸಿದ. ಬರುವಾಗ ಬಸ್ಸಿನಲ್ಲಿ ಅವನು ಎಂಜಿನ್ನಿನ ಸದ್ದನ್ನು ಹೊಗಳುತ್ತಲೇ ಬಂದ. ಮೇಷ್ಟ್ರ ಮಾತು ಅವನೊಳಗೆ ಇಳಿದಿರಲಿಲ್ಲವೆಂಬುದು ಧನ್ಯಶ್ರೀಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಅಂದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ನೀರಿನ ಬಾಟಲಿ ತುಂಬಿದ ಆ ಮಂಗಳವಾರವೇ ಕಾರು ಗೊತ್ತುಮಾಡುವುದೆಂದು ಆಗಿತ್ತು. ಬಾಡಿಗೆ ಕಾರಿನಲ್ಲಿ ತುಮಕೂರಿಗೆ ಹೋಗಿ, ಅವ್ವನನ್ನು ಯಂತ್ರದ ಪಕ್ಕ ಮಲಗಿಸಿ, ನರ್ಸಿಗೆ ಹೇಳಿ, ಮೂವರೂ ಶೋರೂಮಿಗೆ ನಡೆದರು. ಅಲ್ಲಿ ಆಶಾ ಎಂಬ ಹುಡುಗಿ ಕಾರು ತೋರಿಸಿದಳು. ಹೆಚ್ಚುಕಡಿಮೆ ಧನ್ಯಶ್ರೀಯ ವಯಸ್ಸು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಬಾಯಲ್ಲಿ ತಡವರಿಸದ ಮಾತು. ಮೇಷ್ಟ್ರ ಕಾರಿನ ವಂಶದ ಹೊಸ ಬಿಳಿ ಕಾರಿನ ಎದುರು ಬೋರಯ್ಯ ನಿಂತ. ಬಾಗಿಲು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಮಗಳನ್ನು ಹಿಂದೆ ಕೂರಿಸಿದ.

“ಹದಿನೈದು ವರ್ಷ ಬತ್ತದೇನವ್ವ?”

ವಾರಂಟಿ ಎಷ್ಟು, ದುಡ್ಡು ಸೇರಿಸಿದರೆ ಎಷ್ಟರವರೆಗೆ ಹಿಗ್ಗಿಸಬಹುದು, ಎಲ್ಲೆಲ್ಲಿ ಸರ್ವಿಸ್ ಇದೆ ಎಂದು ಆಶಾ ಬಿಡಿಸಿ ಹೇಳಿದಳು.

“ವಾರಂಟಿ ಕೇಳ್ಲಿಲ್ಲ ಕಣವ್ವ. ಗಾಡಿ ಕೇಳ್ದೆ.”

ಆಗ ಮೋಹನ್ ಕುಮಾರ್, ಅದುವರೆಗೆ ಕೆಂಪು ಕಾರಿನ ಕಡೆಗೆ ತಿರುಗಿಯೂ ನೋಡದೆ ನಿಂತಿದ್ದವನು, ತಗ್ಗಿದ ದನಿಯಲ್ಲಿ ಕೇಳಿದ. “ಯಾವ ಲೆಕ್ಕದ ಮೇಲೆ ಹದಿನೈದು ವರ್ಷ ಅಂತಿದ್ದೀಯಪ್ಪ? ಡಾಕ್ಟ್ರು ಹೇಳಿದ್ದು ನೆನಪೈತಲ್ಲ ನಿನ್ಗೆ?”

ಕಾರಿನೊಳಗೆ ಕೂತಿದ್ದ ಧನ್ಯಶ್ರೀಗೆ, ತೆರೆದಿದ್ದ ಬಾಗಿಲ ಮೂಲಕ ಅದು ಕೇಳಿಸಿತು. ಗೋಡೆ ಹುಡುಕಿದ ಅಪ್ಪನ ಕೈ ನೆನಪಾಯಿತು. ಅವಳು ಅವ್ವನ ಜಾಗದಲ್ಲಿ ಕೂತೇ ಇದ್ದಳು.

ಬೋರಯ್ಯ ಬಾಗಿಲನ್ನು ಮೆಲ್ಲಗೆ, ಒಳಗೆ ಯಾರೋ ಮಲಗಿದ್ದಾರೆ ಎಂಬ ಹಾಗೆ ಮುಚ್ಚಿದ. “ನಾನು ಗಾಡಿ ತಗಳಕ್ಕೆ ಬಂದಿರೋದು ಕಣ್ಲಾ. ಡಾಕ್ಟ್ರು ಮಾತು ಆಸ್ಪತ್ರೇಲಿ.” ಆಮೇಲೆ ಆಶಾಳ ಕಡೆ ತಿರುಗಿ, “ಇದೇ ಇರ್ಲಿ. ಬಿಳೀದು” ಅಂದ.

ಯುಗಾದಿ ಕಳೆದ ಮೇಲೆ ಕಾರು ಮನೆಗೆ ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕುಂಕುಮ ಹಚ್ಚಿ ಪೂಜೆ ಮಾಡಿದರು. ಗುರುಸಿದ್ದಮ್ಮ ಬಂದು ಸೀಟು ಒತ್ತಿ ನೋಡಿ, ಇದರೊಳಗೆ ಕೂತರೆ ಕಾಯಿಲೆಯೇ ಇಳಿದು ಹೋಗುತ್ತೆ ಅಂದಳು. ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಹದಿನೈದು ವರ್ಷದ ಮಾತು ಅವಳಿಗೂ ಮುಟ್ಟಿತ್ತು.

“ಹದಿನೈದು ವರ್ಷನಾ?” ಅಂದಳು ಗಂಡನಿಗೆ. “ಅಲ್ಲಿಗಂಟ ಉಪ್ಪಿಲ್ಲದ ಸಾರು ಉಣ್ಣು ಅಂತೀಯಾ ನನ್ನ?”

ಬೋರಯ್ಯ ಕಾರಿನ ಹಿಂದಿನ ಗಾಜಿನ ಮೇಲೆ ಬಿದ್ದ ಕುಂಕುಮದ ಪುಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತಾ ನಿಂತ.

ಕಾರು ನಿಲ್ಲಿಸುವುದೆಲ್ಲಿ ಎಂಬುದಕ್ಕೆ ಅವನು ಮೊದಲೇ ಜಾಗ ಮಾಡಿದ್ದ. ಅಂಗಳದಲ್ಲಿ ನಿಲ್ಲಿಸಿದರೆ ಬಿಸಿಲಿಗೆ ಬಣ್ಣ ಹೋಗುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಒಂದು ಒಣಗರಿ ಬಿದ್ದರೂ ಗಾಜು ಹೋಯಿತು, ಕಾಯಿ ಬಿದ್ದರೆ ಕೇಳುವುದೇ ಬೇಡ. ಮನೆಯ ಹಿಂದಿನ ಕೊಬ್ಬರಿ ಮನೆ ಅವರ ಪಾಲಿಗೆ ಎಲ್ಲಕ್ಕಿಂತ ಭದ್ರವಾದ ಜಾಗ. ಮೇಲೆ ಅಟ್ಟ, ಅಟ್ಟದ ತುಂಬಾ ಕೊಬ್ಬರಿಯಾಗಲು ವರ್ಷದ ಹತ್ತಿರದವರೆಗೆ ಅಲುಗದೆ ಬಿದ್ದಿರುವ ಕಾಯಿ. ಕೆಳಗೆ ನೆರಳು, ತಂಪು, ಒಣನೆಲ. ಅಜ್ಜನ ಕಾಲದಿಂದ ಆ ಮನೆಯ ಬೆಲೆಬಾಳುವುದೆಲ್ಲ ಅಲ್ಲೇ ಇರುತ್ತಿತ್ತು. ಮಟ್ಟೆಯ ರಾಶಿಯನ್ನು ಒಂದು ಮೂಲೆಗೆ ತಳ್ಳಿ, ನೆಲ ಸಾರಿಸಿ, ಅವನು ಕಾರನ್ನು ಅಟ್ಟದ ಕೆಳಗೆ ನಿಲ್ಲಿಸಿದ. ಮೇಲೆ ಟಾರ್ಪಾಲು ಹೊದಿಸಿದ.

ಅಲ್ಲಿಗೇ ನಿಲ್ಲಲಿಲ್ಲ. ಆಸ್ಪತ್ರೆಯ ದಿನ ಬಿಟ್ಟು ಬೇರೆ ದಿನ ಅದನ್ನು ಮುಟ್ಟಕೂಡದೆಂದ. ಒಂದು ಭಾನುವಾರ ಮೋಹನ್ ಕುಮಾರ್ ತಿಪಟೂರಿಗೆ ಹೋಗಿಬರುತ್ತೇನೆಂದು ಕೀಲಿ ಕೇಳಿದಾಗ ಅಪ್ಪ ಕೊಡಲಿಲ್ಲ. ಓಡಿದಷ್ಟೂ ಸವೆಯುತ್ತದೆ. ಅಟ್ಟದ ಕಾಯಿಯನ್ನು ದಿನಾ ಮುಟ್ಟಿ ನೋಡುವವನ ಕೊಬ್ಬರಿ ಎಂದಾದರೂ ನೆಟ್ಟಗಾದದ್ದುಂಟೇ? ಇದೂ ಹಾಗೇ ಇರಲಿ, ಬೇಕಾದ ದಿನ ಇಳಿಸಿಕೊಂಡರಾಯಿತು ಅಂದ. ಹೀಗೆ ಕತ್ತಲಲ್ಲಿ ಕೂಡಿಡುವುದಕ್ಕಿಂತ ಹೊರಗೇ ನಿಲ್ಲಿಸಿದರೆ ಒಳ್ಳೆಯದು ಅಂತ ಮೋಹನ್ ಕುಮಾರ್ ಗೊಣಗಿ, ಬೈಕು ಹತ್ತಿ ಹೋದ.

ಕಾರು ಚೆನ್ನಾಗೇ ಓಡಿತು. ವಾರ ವಾರವೂ ಒಂದೇ ಏಟಿಗೆ ಏಳುತ್ತಿತ್ತು. ಕೆ.ಬಿ. ಕ್ರಾಸಿನ ಏರು ಬಂದಾಗ ಮೊದಮೊದಲು ನಾಲ್ವರೂ ಉಸಿರು ಬಿಗಿಹಿಡಿಯುತ್ತಿದ್ದರು, ಆಮೇಲಾಮೇಲೆ ಅವ್ವ ಅಲ್ಲಿಯೇ ನಿದ್ದೆ ಹೋಗತೊಡಗಿದಳು. ಬೋರಯ್ಯನ ಮುಖ ಸ್ವಲ್ಪ ಸಡಿಲವಾಯಿತು. ಕಾರಿಗೆ ಬಂದಿದ್ದ ನಂಬಿಕೆಯನ್ನು ಅವನು ಹೆಂಡತಿಯ ಮೈಗೂ ಹಚ್ಚುತ್ತಿದ್ದ ಹಾಗಿತ್ತು. ನೋಡು, ಉಸಿರು ಎಷ್ಟು ಹಗುರಾಗೈತೆ ಅನ್ನುತ್ತಿದ್ದ. ಹಗುರವಾಗಿರಲಿಲ್ಲವೆಂದು ಧನ್ಯಶ್ರೀಗೆ ಗೊತ್ತಿತ್ತು.

ಅಟ್ಟದ ಕೆಲಸ ಅವಳದು. ವೈಶಾಖ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಟಾರ್ಪಾಲಿನ ಅಂಚು ಎತ್ತಿ ನೋಡಿದಾಗ ಬಾನೆಟ್ಟಿನ ಧೂಳಿನ ಮೇಲೆ ಸಣ್ಣ ಸಣ್ಣ ಹೆಜ್ಜೆಗಳಿದ್ದವು. ವೈಪರಿನ ಸಂದಿಯಲ್ಲಿ ಕಾಯಿಯ ಜುಂಗಿನ ನಾರು ಸಿಕ್ಕಿಕೊಂಡಿತ್ತು. ಅಟ್ಟಕ್ಕೆ ಇಲಿ ಬರುವುದು ಹೊಸದಲ್ಲ, ಒಂದೆರಡು ಕಾಯಿ ಕೊರೆದು ಹೋಗುತ್ತವೆ. ಅದನ್ನು ಆ ಕಡೆಯ ಯಾರೂ ನಷ್ಟವೆಂದು ಎಣಿಸುವುದಿಲ್ಲ. ಇದು ಬೇರೆ ಅನಿಸಿತು. ಎರಡು ದಿನ ಒಳಗೇ ಇಟ್ಟುಕೊಂಡಿದ್ದು, ಮೂರನೆಯ ದಿನ ಅಪ್ಪನಿಗೆ ಊಟ ಬಡಿಸುವಾಗ, ಕಾರಿನ ಹತ್ತಿರ ಇಲಿ ಓಡಾಡುತ್ತಿದೆ ಎಂದು ಹೇಳಿದಳು. ಅವನು ಅದೇ ಸಂಜೆ ಹೊಗೆಸೊಪ್ಪಿನ ಎಲೆ ತಂದು, ಕಟ್ಟು ಕಟ್ಟಿ ಎಂಜಿನ್ನಿನ ಪಕ್ಕ ತೂಗುಹಾಕಿದ. ಅಟ್ಟದ ಕೆಳಗೆ ಬೋನೂ ಇಟ್ಟ. ಬೋನಿಗೆ ಒಂದು ಇಲಿ ಬಿತ್ತು. ಆಯಿತಲ್ಲ ಅಂದ. ಹೊರಗೆ ನಿಲ್ಲಿಸೋಣ ಅಪ್ಪ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕೈ ತೊಳೆಯಲು ಎದ್ದಿದ್ದ.

ಶುಕ್ರವಾರದಿಂದ ಮಂಗಳವಾರದವರೆಗಿನ ಬಿಡುವೇ ಉದ್ದನೆಯದು. ಅವ್ವನ ಮೈಯಲ್ಲಿ ನೀರು ಹೆಚ್ಚು ತುಂಬುತ್ತಿದ್ದುದೂ ಆ ದಿನಗಳಲ್ಲೇ, ಕಾರು ಅಲುಗದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದುದೂ ಆ ದಿನಗಳಲ್ಲೇ. ಆ ಸಲ ಬಿಸಿಲು ಬೆಂಕಿಯಾಗಿತ್ತು. ಭಾನುವಾರ ಅವ್ವ ಬಾಟಲಿಯ ದಾರ ನೋಡಿ, ಇದನ್ನು ಯಾರೋ ಕೆಳಕ್ಕೆ ಇಳಿಸಿದ್ದಾರೆ ಎಂದು ಜಗಳವಾಡಿದಳು. ಸೋಮವಾರ ಜಗಳವಾಡಲಿಲ್ಲ. ಮಲಗಲಾಗದೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದಳು. ಕಾಲು ಒತ್ತಿದರೆ ಬೆರಳು ಇಳಿದ ಗುಳಿ ಹಾಗೇ ನಿಲ್ಲುತ್ತಿತ್ತು.

ಮಂಗಳವಾರ ಮೋಹನ್ ಕುಮಾರ್ ಪಾಳಿ ಮುಗಿಸಿ ಬಂದವನು ಮುಖ ತೊಳೆದು, ನಿಂತೇ ಕಾಫಿ ಕುಡಿದ. ಅಪ್ಪ ಮತ್ತು ಧನ್ಯಶ್ರೀ ಅವ್ವನನ್ನು ಗಾಲಿಕುರ್ಚಿಯಲ್ಲಿ ಕೊಬ್ಬರಿ ಮನೆಯವರೆಗೆ ತಳ್ಳಿಕೊಂಡು ಹೋಗಿ, ಹಿಂದಿನ ಸೀಟಿಗೆ ಏರಿಸಿದರು. ಅಷ್ಟಕ್ಕೇ ಅವಳಿಗೆ ಉಸಿರು ಸಾಲದಾಯಿತು. ಬಾಯಿ ತೆರೆದುಕೊಂಡು, ಮುಂದಿನ ಸೀಟಿಗೆ ಹಣೆ ಆನಿಸಿ ಕೂತಳು. ಮೋಹನ್ ಕುಮಾರ್ ಕೀಲಿ ತಿರುಗಿಸಿದ.

ಸ್ಟೀರಿಂಗಿನ ಮುಂದಿನ ಸಣ್ಣ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಎಲ್ಲೋ ಒಳಗೆ ಟಿಕ್ ಟಿಕ್ ಎಂದಿತು. ದೀಪಗಳೆಲ್ಲ ಆರಿದವು.

ಮತ್ತೆ ತಿರುಗಿಸಿದ. ಟಿಕ್ ಎಂಬುದೂ ಬರಲಿಲ್ಲ.

ಬೆಳಕಿಗೆಂದು ಕಾರನ್ನು ಹಿಂದಕ್ಕೆ ತಳ್ಳಿದರು. ಅಂಗಳದ ನಡುವಿನವರೆಗೆ ತಂದು ನಿಲ್ಲಿಸಿದರು. ಅವ್ವ ಒಳಗೇ ಇದ್ದಳು. ಇಳಿಸುತ್ತೇವೆ ಅಂದರೆ ಕೈ ಅಲ್ಲಾಡಿಸಿ ಬೇಡವೆಂದಳು. ಮೋಹನ್ ಕುಮಾರ್ ಬಾನೆಟ್ಟು ಎತ್ತಿದ. ಎಂಜಿನ್ನಿನ ಪಕ್ಕದ ತಗ್ಗಿನಲ್ಲಿ ಜುಂಗಿನ ಒಂದು ದುಂಡನೆಯ ಹಾಸಿಗೆ ಇತ್ತು. ತುಂಬಾ ಜಾಣತನದಿಂದ, ಕೈಯಲ್ಲಿ ಹೆಣೆದ ಹಾಗೆ ಮಾಡಿದ್ದ ಗೂಡು. ಹೊಗೆಸೊಪ್ಪಿನ ಎಲೆಯನ್ನೂ ಎಳೆದು ಅದರೊಳಗೆ ಸೇರಿಸಿಕೊಂಡಿದ್ದವು. ಬೋರಯ್ಯ ಕೈ ಹಾಕಿ ಎತ್ತಿದ. ಕಣ್ಣು ಬಿಡದ ಕೆಂಪು ಮರಿಗಳು ಅವನ ಅಂಗೈ ಮೇಲೆ ಹೊರಳಿದವು. ಗೂಡಿನ ಕೆಳಗೆ ವೈರುಗಳು ಸಿಪ್ಪೆ ಸುಲಿದು, ತಾಮ್ರ ಹೊಳೆಯುತ್ತಾ, ಕೆಲವು ತುಂಡಾಗಿ ಬಿದ್ದಿದ್ದವು.

ಮೋಹನ್ ಕುಮಾರ್ ಫೋನಿನಲ್ಲಿ ರವೀಂದ್ರನಿಗೆ ತೋರಿಸಿದ. ರವೀಂದ್ರ ಅಲ್ಲಿಂದಲೇ, ಕೀಲಿಯನ್ನು ಇನ್ನು ಮುಟ್ಟಬೇಡಿ, ವೈರಿನ ಇಡೀ ಕಟ್ಟನ್ನೇ ಹೊಸದು ತರಿಸಬೇಕು, ಇವತ್ತು ನಾಳೆಯ ಮಾತಲ್ಲ ಎಂದ. ಬಾಡಿಗೆ ಕಾರಿನವರಿಗೆ ಹೇಳಿದರೆ ಮದುವೆಯ ಕಾಲ, ಎಲ್ಲವೂ ಬೆಳಿಗ್ಗೆಯೇ ಹೊರಟಿದ್ದವು. ಗುರುಸಿದ್ದಮ್ಮನ ಮಗನ ಲಗೇಜ್ ಆಟೋ ಎಳನೀರು ಹೇರಿಕೊಂಡು ಮದ್ದೂರಿಗೆ ಹೋಗಿತ್ತು. ಆಂಬುಲೆನ್ಸಿಗೆ ಕರೆ ಮಾಡಿದ್ದಾಯಿತು, ಬೇರೆಯವರನ್ನು ಇಳಿಸಿ ಬರುತ್ತೇವೆ ಅಂದರು. ತುಮಕೂರಿನ ನರ್ಸು, ಸರದಿಗೆ ಆದಷ್ಟು ಹೊತ್ತು ಕಾಯುತ್ತೇವೆ, ಬೇಗ ಬನ್ನಿ ಅಂದಳು. ಅವಳ ದನಿಯಲ್ಲಿ ಕನಿಕರವಿತ್ತು. ಕನಿಕರ ಕೇಳಿಸಿದಾಗಲೇ ಧನ್ಯಶ್ರೀಗೆ ಹೆಚ್ಚು ಭಯವಾದದ್ದು.

ಯಾವುದಾದರೂ ಗಾಡಿ ಅಡ್ಡ ಹಾಕಿಯಾದರೂ ತರುತ್ತೇನೆಂದು ಮೋಹನ್ ಕುಮಾರ್ ಬೈಕು ಏರಿದ. ಏರುವ ಮುಂಚೆ ಒಂದು ಸಲ ಅಪ್ಪನ ಮುಖ ನೋಡಿದ. ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಬೋರಯ್ಯ ಇನ್ನೂ ಆ ಗೂಡು ಹಿಡಿದುಕೊಂಡೇ ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಅತ್ತಿತ್ತ ನೋಡಿದ. ಆಮೇಲೆ ಯಾರಿಗೂ ಅಲ್ಲದ ಹಾಗೆ, “ಮೇಷ್ಟ್ರು ಕಾರು ಬಯಲಲ್ಲೇ ನಿಂತಿತ್ತು” ಅಂದ.

ಧನ್ಯಶ್ರೀ ಕಾರಿನ ತೆರೆದ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಅವ್ವನ ಕಾಲು ಹಿಡಿದುಕೊಂಡಿದ್ದಳು. ಅವ್ವನ ಎದೆಯೊಳಗೆ ಆ ಸದ್ದು ಶುರುವಾಗಿತ್ತು, ಬಿಂದಿಗೆಯೊಳಗೆ ಮಾತಾಡಿದ ಸದ್ದು. ಮಾಘದಲ್ಲಿ ಅದು ಬರಲು ಒಂದು ದಿನ ಹಿಡಿದಿತ್ತು. ಬಾಟಲಿ ತೆಗೆದು ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದಳು. ಅವ್ವ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹೀರಿದಳು, ಬಿಡಲಿಲ್ಲ. ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು. ಗುರುಸಿದ್ದಮ್ಮ ಬೀಸಣಿಗೆ ತಂದು ಆ ಕಡೆಯ ಬಾಗಿಲಿನಿಂದ ಗಾಳಿ ಹಾಕುತ್ತಿದ್ದಳು. ಓಣಿಯ ಕಡೆಯಿಂದ ಯಾವ ಗಾಡಿಯ ಸದ್ದೂ ಇರಲಿಲ್ಲ.

ಅವ್ವ ಸೀಟಿನಿಂದ ಹಣೆ ಎತ್ತಿದಳು. ತೆರೆದ ಬಾಗಿಲಿನಲ್ಲಿ ಅಂಗಳದಾಚೆಯ ಮರಗಳು ಕಾಣುತ್ತಿದ್ದವು. ಹತ್ತಿರದ ಮರ ಗಿಡ್ಡನೆಯದು, ಅವಳು ಮದುವೆಯಾಗಿ ಬಂದ ವರ್ಷ ಬೋರಯ್ಯ ತಾಯಿಮರ ಹುಡುಕಿ ಸಸಿ ತಂದು ನೆಟ್ಟ ಸಾಲಿನ ಪಕ್ಕದಲ್ಲಿ ಎಷ್ಟೋ ವರ್ಷದ ಮೇಲೆ ನೆಟ್ಟದ್ದು. ಕೈಗೆಟಕುವ ಎತ್ತರದಲ್ಲಿ ಹಸಿರು ಗೊಂಚಲು ತೂಗುತ್ತಿತ್ತು. ಮರದ ಬುಡದಲ್ಲಿ ಮಚ್ಚು ಬಿದ್ದಿತ್ತು. ಅವಳು ಅದನ್ನೆಲ್ಲ ಒಂದೊಂದಾಗಿ ನೋಡಿದಳು. ಗಂಡನ ಕಡೆ ನೋಡಿದಳು, ಅವನ ಕೈಯಲ್ಲಿದ್ದುದನ್ನು ನೋಡಿದಳು. ಮಗಳ ತಲೆಯ ಮೇಲೆ ಊದಿದ ಕೈ ಇಟ್ಟಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಬೇಡುವ ದೈನ್ಯವೂ ಇರಲಿಲ್ಲ. ಕಾಯಿಲೆಗೆ ಮುಂಚೆ ದಿನಾ ಅಡುಗೆ ಮನೆಯಿಂದ ಉಪ್ಪು ಕೊಡೇ ಅನ್ನುವಾಗ ಹೇಗಿರುತ್ತಿತ್ತೋ ಹಾಗಿತ್ತು.

“ಒಂದು ಎಳನೀರು ಕೆತ್ತಿ ಕೊಡಿ” ಅಂದಳು.

ಗುರುಸಿದ್ದಮ್ಮನ ಬೀಸಣಿಗೆ ನಿಂತಿತು. ಬೋರಯ್ಯ ಅಲುಗಲಿಲ್ಲ. ಧನ್ಯಶ್ರೀ ಬಾಟಲಿಯ ದಾರದ ಮೇಲೆ ಬೆರಳು ಒತ್ತಿಕೊಂಡು, ಓಣಿಯ ತಿರುವನ್ನೇ ನೋಡುತ್ತಾ ಕೂತಿದ್ದಳು.

“ಒಂದೇ ಒಂದು. ಕೆತ್ತಿ ಕೊಡಿ.”